ಲಾಭ, ಎರಡು, ಮೂರು

ನಮ್ಮ ಅಕ್ಕೋರಿಗೆ ಒಂಬತ್ತೂವರೆ ಬೆರಳು. ಬಲಗೈ ತೋರುಬೆರಳಿನ ತುದಿ ಚಿಕ್ಕಂದಿನಲ್ಲೇ ಮೇವು ಕತ್ತರಿಸುವ ಯಂತ್ರಕ್ಕೆ ಸಿಕ್ಕು ಹೋಗಿತ್ತು. ಬೇರೆಯವರಾದರೆ ಸೆರಗಿನಲ್ಲಿ ಮುಚ್ಚಿಕೊಳ್ಳುತ್ತಿದ್ದರು. ಇವರು ಯಲಬುರ್ಗಾ ಕಡೆಯ ನಮ್ಮೂರ ಶಾಲೆಯಲ್ಲಿ, ಒಂದನೇ ತರಗತಿಯ ಮಕ್ಕಳ ಮುಂದೆ ಎರಡೂ ಕೈ ಚಾಚಿ, "ಎಷ್ಟದಾವು, ಎಣಿಸಿ ಹೇಳ್ರಿ" ಎನ್ನುತ್ತಿದ್ದರು. ಒಂಬತ್ತೋ ಹತ್ತೋ ಎಂದು ನಾವು ಕಿತ್ತಾಡುತ್ತಿದ್ದರೆ ಅವರು ನಗುತ್ತ ಕೂರುತ್ತಿದ್ದರು.

ಬರಿಯ ಬಾಯಿಪಾಠದ ಮಗ್ಗಿ ಎಂದರೆ ಅವರಿಗೆ ಆಗುತ್ತಿರಲಿಲ್ಲ. "ಮೊದಲ ಕೈಗೆ ತಿಳೀಲಿ, ಆಮ್ಯಾಲ ಬಾಯಿಗೆ" ಎನ್ನುತ್ತ ಹುಣಸೆಬೀಜ ಸುರಿಯುತ್ತಿದ್ದರು. ಐದೈದರ ಗುಂಪು ಮಾಡು, ಒಡೆ, ಮತ್ತೆ ಕೂಡಿಸು. ತಪ್ಪಿದರೆ "ಇನ್ನೊಮ್ಮಿ ಎಣಸವ್ವ" ಅಷ್ಟೇ.

ನಾನು ಎರಡನೇ ತರಗತಿಯಲ್ಲಿದ್ದಾಗ ತಪಾಸಣೆಗೆ ಸಾಹೇಬರೊಬ್ಬರು ಬಂದರು. ಲೆಕ್ಕ ಬಾರದ ಮಕ್ಕಳ ಪಟ್ಟಿ ಅವರಿಗೆ ಬೇಕಿತ್ತು. "ತಲಿಗೆ ಹತ್ತದಿದ್ರ ಸಾಲಿ ಬಿಟ್ಟು ಕುರಿ ಹಿಂದ ಹೋಗಲಿ" ಎಂದು ಅಪ್ಪ ಮೊದಲೇ ಹೇಳಿದ್ದ. ಪಟ್ಟಿಗೆ ಹೆಸರು ಬಿದ್ದರೆ ನನ್ನ ಓದು ಮುಗಿದಂತೆಯೇ.

ಸಾಹೇಬರು ನನ್ನ ಮುಂದೆ ಹನ್ನೆರಡು ಬೀಜ ಇಟ್ಟರು. ನಾನು "ಲಾಭ, ಎರಡು, ಮೂರು" ಎಂದು ಶುರುಮಾಡಿ ಹನ್ನೆರಡರವರೆಗೆ ಎಣಿಸಿದೆ. ನಮ್ಮ ಮನೆಯಲ್ಲಿ ಜೋಳ ಅಳೆಯುವಾಗ ಮೊದಲ ಸೇರಿಗೆ ಯಾರೂ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾರೆ. ಹೆದರಿಕೆಯಲ್ಲಿ ಅದೇ ಬಾಯಿಗೆ ಬಂತು. ಸಾಹೇಬರು ಹೊಟ್ಟೆ ಹಿಡಿದುಕೊಂಡು ನಕ್ಕರು.

"ಈಕಿಗೆ ಒಂದು ಅನ್ನಾಕೂ ಬರೂದಿಲ್ಲ. ಬರೀರಿ ಹೆಸರು."

"ಹನ್ನೆರಡು ಇಟ್ಟೀರಿ, ಹನ್ನೆರಡು ಅಂದಾಳ. ತಪ್ಪು ಎಲ್ಲೈತಿ ತೋರಿಸ್ರಿ" ಎಂದರು ಅಕ್ಕೋರು. ಬೀಜಗಳನ್ನು ಬಾಚಿಕೊಂಡು, ಐದನ್ನು ಮಾತ್ರ ನೆಲದ ಮೇಲೆ ಬಿಟ್ಟು, ಮುಷ್ಟಿ ಮುಚ್ಚಿದರು. "ಮುಷ್ಟ್ಯಾಗ ಎಷ್ಟದಾವವ್ವ?"

"ಏಳ್ರಿ."

ಮುಷ್ಟಿ ಬಿಚ್ಚಿ ತೋರಿಸಿದರು. ಸಾಹೇಬರ ಮುಖ ಕೆಂಪಾಯಿತು. "ಖಾಲಿ ಪಟ್ಟಿ ನಡಿಯೂದಿಲ್ರಿ. ಯಾರದರ ಒಂದು ಹೆಸರು ಬೇಕ ಬೇಕು."

"ಹಂಗಾದ್ರ ನಂದ ಬರೀತೀನಿ. ಕಲಿಸಿದಾಕಿ ನಾನು."

ಬರೆದೇ ಬಿಟ್ಟರು, ಸಹಿ ಸಮೇತ.

ತಿಂಗಳೊಳಗೆ ನೋಟಿಸು ಬಂತು, ಅದರ ಹಿಂದೆಯೇ ವರ್ಗಾವಣೆ. ನವಲಿ ಕಡೆಯ ಊರಿಗೆ ಹೋದರು. ಕ್ಷಮೆ ಕೇಳಿದ್ದರೆ ಉಳಿಯಬಹುದಿತ್ತಂತೆ, ಕೇಳಲಿಲ್ಲ. ಯಾಕೆ ಕೇಳಬೇಕಿತ್ತು ಎಂದು ನಾನು ಇಂದಿಗೂ ಜಗಳಕ್ಕೆ ನಿಲ್ಲುತ್ತೇನೆ. ನಾನು ಹತ್ತನೇ ತರಗತಿಯಲ್ಲಿದ್ದಾಗ ಅವರು ಅಲ್ಲಿಯೇ ತೀರಿಕೊಂಡರು. ಒಮ್ಮೆಯಾದರೂ ಹೋಗಿ ನೋಡಲಿಲ್ಲವೆಂಬ ಸಂಕಟ ಇನ್ನೂ ಇದೆ.

ಅದೇ ವರ್ಷ ಸೋದರಮಾವ ಮನೆಗೆ ಬಂದು, "ಹೆಣ್ಮಗಳಿಗೆ ಇಷ್ಟು ಸಾಕು, ಸಾಲಿ ಬಿಡಸು" ಎಂದ. ಜೋಳದ ಚೀಲ ಹೊಲಿಯುತ್ತಿದ್ದ ಅಪ್ಪ ತಲೆ ಎತ್ತದೆಯೇ ಹೇಳಿದ:

"ಈಕಿ ಹೆಸರು ಬರೀಬೇಕಾದ ಜಾಗಾದಾಗ ಅಕ್ಕೋರು ತಮ್ಮ ಹೆಸರು ಬರದಾರ. ಬಿಡಸಾಕ ನಾ ಯಾರು, ನೀ ಯಾರು?"