ವಿಸ್ಕಿ ತೊಟ್ಟಿಯ ಬಾಯಲ್ಲಿ ಕುಳಿತ ಮಾಮ

ಮಧ್ಯಾಹ್ನ ಎರಡು ಗಂಟೆ ಇಪ್ಪತ್ತು ನಿಮಿಷಕ್ಕೆ ನಮ್ಮ ಮಾಮನ ಕನ್ನಡಕ ಖಾಲಿ ತೊಟ್ಟಿಯೊಳಗೆ ಬಿತ್ತು. ಎದುರಿನ ಗೋಡೆಯ ಮೇಲೆ ದೊಡ್ಡ ಗಡಿಯಾರವಿತ್ತು, ಹಾಗಾಗಿ ಹೊತ್ತು ಖಚಿತವಾಗಿ ನೆನಪಿದೆ. ಕಳೆದ ವರ್ಷ ಶಿವರಾತ್ರಿ ಮುಗಿದ ಮರುವಾರದ ಮಾತು. ಅಲ್ಲಿಂದ ಮುಂದೆ ನಡೆದದ್ದೆಲ್ಲ ಕೆಲವೇ ನಿಮಿಷಗಳ ಸಂಗತಿ. ಆದರೆ ನನ್ನ ತಲೆಯೊಳಗೆ ಅದು ಎಷ್ಟು ಸಲ ನಡೆದಿದೆಯೋ ಹೇಳಲಾರೆ.

ನಾವು ರಾಯದುರ್ಗದವರು. ನಾನು ಬಳ್ಳಾರಿಯಲ್ಲಿ ಬಿ.ಕಾಂ. ಓದಿದೆ. ಮದುವೆಯಾದ ಮೇಲೆ ಗಂಡನ ಜೊತೆ ಮನೆಯ ಮಹಡಿಯಲ್ಲೇ ಜೀನ್ಸ್ ಹೊಲಿಯುವ ಯೂನಿಟ್ ನಡೆಸುತ್ತಿದ್ದೇನೆ. ಪರಿಚಯದವರೊಬ್ಬರ ಮೂಲಕ ಮಡಕಶಿರದ ಆಚೆಗಿನ ಒಂದು ಸಣ್ಣ ವಿಸ್ಕಿ ಡಿಸ್ಟಿಲರಿಯಿಂದ ಕೆಲಸಗಾರರ ಯೂನಿಫಾರ್ಮಿಗೆ ಆರ್ಡರ್ ಬಂತು. ಅವರ ಷರತ್ತುಗಳು ವಿಚಿತ್ರವಾಗಿದ್ದವು. ಬಟ್ಟೆ ಅಪ್ಪಟ ಹತ್ತಿಯದೇ ಆಗಬೇಕು. ಕಬ್ಬಿಣದ ಗುಂಡಿ ಬೇಡ, ಜಿಪ್ ಬೇಡ, ರಿವೆಟ್ ಬೇಡ. ಜೀನ್ಸ್ ಹೊಲಿಯುವವರಿಗೆ ರಿವೆಟ್ ಬೇಡ ಎಂದರೆ ಹೇಗೆ ಎಂದು ನನ್ನ ಗಂಡ ನಕ್ಕರು. ನಾನು ಫೋನ್ ಮಾಡಿ ಕಾರಣ ಕೇಳಿದೆ. ಪಾಲಿಯೆಸ್ಟರ್ ಬಟ್ಟೆ ಉಜ್ಜಿದರೆ, ಲೋಹ ಲೋಹಕ್ಕೆ ತಾಗಿದರೆ ಕಿಡಿ ಏಳಬಹುದು, ನಮ್ಮಲ್ಲಿ ಒಂದು ಕಿಡಿ ಸಾಕು ಎಂದರು. ಆ ಉತ್ತರ ಕೇಳಿದ ಮೇಲೆ ಆ ಜಾಗವನ್ನು ಕಣ್ಣಾರೆ ನೋಡಬೇಕೆನಿಸಿತು. ಅಳತೆ ತೆಗೆದುಕೊಳ್ಳಲು ನಾನೇ ಹೋಗುತ್ತೇನೆ ಎಂದೆ.

ಇದನ್ನು ಕೇಳಿ ನನಗಿಂತ ಹೆಚ್ಚು ಕುಣಿದಾಡಿದವನು ಮಾಮ. ಮಾಮ ಎಂದರೆ ನನ್ನ ತಾಯಿಯ ತಮ್ಮ. ದುಬೈಯ ಹೋಟೆಲೊಂದರ ಬಾರಿನಲ್ಲಿ ಬಹಳ ವರ್ಷ ಕೆಲಸ ಮಾಡಿ ಊರಿಗೆ ಬಂದವನು. ಅವನಿಗೆ ಬರ್ಬನ್ ಎಂದರೆ ಪ್ರಾಣ. ಅದು ಅಮೆರಿಕದ ವಿಸ್ಕಿ, ಅರ್ಧಕ್ಕಿಂತ ಹೆಚ್ಚು ಮೆಕ್ಕೆಜೋಳದ್ದೇ ಆಗಿರಬೇಕು, ಒಳಮೈ ಸುಟ್ಟ ಹೊಸ ಓಕ್ ಪೀಪಾಯಿಯಲ್ಲೇ ಮಾಗಬೇಕು, ಅದಕ್ಕೇ ಅದರಲ್ಲಿ ವೆನಿಲ್ಲಾದ, ಕಾಸಿದ ಬೆಲ್ಲದ ವಾಸನೆ ಎಂದು ಊಟದ ಹೊತ್ತಿನಲ್ಲೂ ಪಾಠ ಹೇಳುತ್ತಿದ್ದ. ಜೊತೆಗೆ ಗೋಧಿ ಹಾಕಿದ್ದು ಮೆತ್ತಗಿರುತ್ತದೆ, ರೈ ಎಂಬ ಧಾನ್ಯ ಹಾಕಿದ್ದು ಖಾರವಾಗಿರುತ್ತದೆ, ತನಗೆ ಇಷ್ಟ ಖಾರದ್ದೇ ಎನ್ನುತ್ತಿದ್ದ. ನನ್ನ ಮಗಳು ಅದರಲ್ಲಿ ನಡುವೆ ಚಾಕಲೇಟ್ ಕ್ರೀಮ್ ಇರುತ್ತದಾ ಎಂದು ಒಮ್ಮೆ ಕೇಳಿದ್ದಳು. ಅವಳಿಗೆ ಗೊತ್ತಿದ್ದುದು ಅದೇ ಹೆಸರಿನ ಬಿಸ್ಕತ್ತು ಮಾತ್ರ. ನನ್ನ ತಾಯಿಗೆ ತಮ್ಮನ ಈ ಪುರಾಣ ಕೇಳಿ ಕೇಳಿ ಸಾಕಾಗಿತ್ತು. “ಅಲ್ಲಿ ಮಂದಿಗೆ ಶೆರೆ ಕುಡಿಸಿ ಬಂದಾನ, ಇಲ್ಲಿ ನಮಗ ಕಥಿ ಕುಡಸ್ತಾನ” ಎನ್ನುತ್ತಿದ್ದಳು. ಇಷ್ಟೆಲ್ಲ ಹೇಳುವ ಮಾಮ, ವಿಸ್ಕಿ ಮಾಡುವ ಜಾಗವನ್ನು ಜನ್ಮದಲ್ಲಿ ನೋಡಿರಲಿಲ್ಲ.

ನಮ್ಮ ಕಟಿಂಗ್ ಮಾಸ್ಟರ್ ತಿಪ್ಪಣ್ಣ ವ್ಯಾನ್ ಓಡಿಸಿದ. ಅವನ ಊರು ಗುಮ್ಮಘಟ್ಟದ ಕಡೆ. ಮಾತು ಕಡಿಮೆ. ಕೊರಳಿಗೆ ಅಳತೆಯ ಟೇಪು, ಹೆಗಲಿಗೆ ಸೀಮೆಸುಣ್ಣ, ಕತ್ತರಿ ಇರುವ ಚಿಕ್ಕ ಚೀಲ. ಪಾವಗಡ ದಾಟಿ ಮಡಕಶಿರದ ಕಡೆಗೆ ತಿರುಗುವಷ್ಟರಲ್ಲಿ ಬಿಸಿಲೇರಿತ್ತು. ಡಿಸ್ಟಿಲರಿಯ ಗೇಟಿನಲ್ಲಿ ವಾಚ್‌ಮನ್ ನಮ್ಮ ಮೊಬೈಲುಗಳನ್ನು ಇಸಿದುಕೊಂಡ. ಬೀಡಿ, ಸಿಗರೇಟು, ಬೆಂಕಿಪೊಟ್ಟಣ ಇದ್ದರೆ ಕೊಡಿ ಎಂದ. ತಾನು ಬೀಡಿ ಮುಟ್ಟಿದವನೇ ಅಲ್ಲ ಎಂದು ತಿಪ್ಪಣ್ಣ ಹೆಮ್ಮೆಯಿಂದ ಹೇಳಿ ಒಳಗೆ ನಡೆದ.

ನಮಗೆ ಜಾಗ ತೋರಿಸಿದವರು ಅಲ್ಲಿನ ಸೂಪರ್‌ವೈಸರ್ ನಾಗರಾಜ್. ಮಡಕಶಿರದ ಹತ್ತಿರದ ಹಳ್ಳಿಯವರೇ, ತುಮಕೂರಿನಲ್ಲಿ ಓದಿದವರು. ನಾನು ಒಂದು ಕೇಳಿದರೆ ಎರಡು ಹೇಳುವ ಮನುಷ್ಯ. ಮೊದಲು ಮೆಕ್ಕೆಜೋಳ ಬೇಯಿಸುವ ಕಡೆ ಕರೆದುಕೊಂಡು ಹೋದರು. ಅಲ್ಲಿ ದೊಡ್ಡ ಮನೆಯ ಅಂಬಲಿ ಗಡಿಗೆಯ ವಾಸನೆ. ಮುಂದೆ ಹುಳಿಯಿಸುವ ತೊಟ್ಟಿಗಳು. ಒಳಗೆ ಇಡ್ಲಿ ಹಿಟ್ಟಿನಂತೆ ನೊರೆ ಉಕ್ಕುತ್ತಿತ್ತು. ಮಾಮ ಮೂಸಿ ನೋಡಲು ಬಗ್ಗಿದ. ನಾಗರಾಜ್ ಅವನ ಭುಜ ಹಿಡಿದು ಎಳೆದರು.

“ಬಗ್ಗಬ್ಯಾಡಿ ಸಾರ್. ಅದರೊಳಗೆ ಉಸಿರಾಡೋ ಗಾಳಿ ಇರಲ್ಲ. ತಲೆ ತಿರುಗಿ ಬಿದ್ರೆ, ಎತ್ತಕ್ಕೆ ಇಳಿದೋನೂ ಬರಲ್ಲ.”

ಅಲ್ಲಿಯವರೆಗೆ ಸುಮ್ಮನಿದ್ದ ತಿಪ್ಪಣ್ಣ ಬಾಯಿ ಬಿಟ್ಟ. ಅವನ ಅಜ್ಜನ ಮನೆಯಲ್ಲಿ ಹಗೇವು ಇತ್ತಂತೆ, ಅಂದರೆ ಜೋಳ ತುಂಬಿಡಲು ನೆಲದೊಳಗೆ ತೋಡಿದ ಕಣಜ. ಅದರ ಬಾಯಿ ತೆರೆದ ಕೂಡಲೇ ಯಾರೂ ಇಳಿಯುತ್ತಿರಲಿಲ್ಲವಂತೆ. ಮೊದಲು ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಡುತ್ತಿದ್ದರು. ದೀಪ ಉರಿದರೆ ಮನುಷ್ಯ ಇಳಿಯಬಹುದು, ಆರಿದರೆ ಇನ್ನೂ ಕಾಯಬೇಕು. “ನಮ್ಮ ದೊಡ್ಡಪ್ಪ ದೀಪ ಬಿಡ್ಲಾರದ ಇಳಿದಾತ, ಮ್ಯಾಲ ಬರ್ಲಿಲ್ರಿ” ಎಂದ. ನಾಗರಾಜ್ ಕುತೂಹಲದಿಂದ ಕೇಳಿದರು. ಇದೂ ಅದೇ ಗಾಳಿ, ಇಲ್ಲೂ ದೀಪ ಬಿಟ್ಟರೆ ಆರುತ್ತದೆ ಎಂದರು. ತಿಪ್ಪಣ್ಣನ ಮುಖ ಅರಳಿತು. ಇಷ್ಟೆಲ್ಲ ಯಂತ್ರಗಳ ನಡುವೆ ಅವನಿಗೆ ಗೊತ್ತಿರುವುದೂ ಒಂದಿತ್ತು.

ಬಟ್ಟಿ ಇಳಿಸುವ ತಾಮ್ರದ ಹಂಡೆ ನೋಡಿದೆವು. ಪೀಪಾಯಿಗಳ ಶೆಡ್ ನೋಡಿದೆವು. ನಮ್ಮ ಸೀಮೆಯ ಬಿಸಿಲಿಗೆ ವಿಸ್ಕಿ ಬೇಗ ಮಾಗುತ್ತದೆ, ಆದರೆ ವರ್ಷ ವರ್ಷವೂ ಪೀಪಾಯಿಯಲ್ಲಿ ಕಡಿಮೆಯಾಗುತ್ತಾ ಹೋಗುತ್ತದೆ ಎಂದರು ನಾಗರಾಜ್. ಕಡಿಮೆಯಾದದ್ದು ಎಲ್ಲಿಗೆ ಹೋಯಿತು ಎಂದು ಕೇಳಿದೆ. ಗಾಳಿಗೆ ಎಂದರು. ಇದನ್ನು ಬರ್ಬನ್ ಅನ್ನಬಹುದಾ ಎಂದು ಮಾಮ ಕೇಳಿದ. ಮಾಡುವ ರೀತಿ ಅದೇ, ಆದರೆ ಆ ಹೆಸರು ಅಮೆರಿಕದಲ್ಲಿ ಮಾಡಿದ್ದಕ್ಕೆ ಮಾತ್ರ, ನಮ್ಮದು ಬರೀ ವಿಸ್ಕಿ ಎಂದು ನಾಗರಾಜ್ ನಕ್ಕರು.

ಕೊನೆಗೆ ಮಾಗಿದ ಪೀಪಾಯಿಗಳನ್ನು ಬರಿದು ಮಾಡುವ ಕೋಣೆಗೆ ಬಂದೆವು. ಅಲ್ಲಿ ನೆಲದಲ್ಲಿ ಅರ್ಧ ಹೂತ ಉಕ್ಕಿನ ತೊಟ್ಟಿಯೊಂದಿತ್ತು. ಅದರ ಬಾಯಿ ನಮ್ಮ ಮೊಣಕಾಲೆತ್ತರಕ್ಕಿತ್ತು. ಬೆಳಿಗ್ಗೆಯಷ್ಟೇ ಅದರಲ್ಲಿದ್ದ ವಿಸ್ಕಿಯನ್ನು ಬೇರೆಡೆಗೆ ಪಂಪ್ ಮಾಡಿ, ತೊಳೆಯಲೆಂದು ಮುಚ್ಚಳ ತೆರೆದಿಟ್ಟಿದ್ದರು. ಅಷ್ಟರಲ್ಲಿ ಮೆಕ್ಕೆಜೋಳದ ಲಾರಿ ಬಂದಿದೆ ಎಂದು ಯಾರೋ ನಾಗರಾಜ್ ಅವರನ್ನು ಕರೆದರು. ಇಲ್ಲೇ ನಿಂತಿರಿ, ಏನೂ ಮುಟ್ಟಬೇಡಿ, ಈಗ ಬಂದೆ ಎಂದು ಅವರು ಹೋದರು.

ಮಾಮ ತೊಟ್ಟಿಯ ಬಾಯಿಗೆ ಬಗ್ಗಿ ಕಣ್ಣು ಮುಚ್ಚಿದ. “ಇದೇ ನೋಡು ತಾಯಿ, ಇದೇ ವಾಸನಿ” ಎಂದ. ಆಗಲೇ ಮೂಗಿನಿಂದ ಕನ್ನಡಕ ಜಾರಿ ಕೆಳಗೆ ಟಣ್ ಎಂದು ಬಿತ್ತು.

ಒಳಗೆ ಇಳಿಯಲು ಏಣಿ ಇತ್ತು. ನಾನು ಬೇಡವೆನ್ನುತ್ತಿದ್ದಂತೆ ಮಾಮ ತೊಟ್ಟಿಯ ಅಂಚಿನಲ್ಲಿ ಕುಳಿತು ಎರಡೂ ಕಾಲು ಒಳಗೆ ಬಿಟ್ಟ. ನಾಗರಾಜ್ ಬರಲಿ ಎಂದೆ. ಕನ್ನಡಕವಿಲ್ಲದೆ ನಿನ್ನ ಮುಖವೇ ಕಾಣುತ್ತಿಲ್ಲ, ಪೀಪಾಯಿ ಏನು ನೋಡಲಿ ಎಂದು ನಕ್ಕ.

“ತಡೀರಿ ಅಣ್ಣಾರ” ಎಂದ ತಿಪ್ಪಣ್ಣ. “ಗಾಳಿ ನೋಡ್ಲಾರದ ಇಳೀಬ್ಯಾಡ್ರಿ.”

ಅವನು ಚೀಲಕ್ಕೆ ಕೈ ಹಾಕಿ ಲೈಟರ್ ತೆಗೆದ. ನಮ್ಮ ಯೂನಿಟ್ಟಿನಲ್ಲಿ ಪಾಲಿಯೆಸ್ಟರ್ ದಾರದ ತುದಿ ಸುಡಲು ಎಲ್ಲರ ಬಳಿಯೂ ಅದು ಇರುತ್ತದೆ. ನಮಗೆ ಅದು ಕತ್ತರಿ, ಸೂಜಿಯ ಹಾಗೆ ಒಂದು ಸಾಮಾನು. ಗೇಟಿನಲ್ಲಿ ಅವನು ಸುಳ್ಳು ಹೇಳಿರಲಿಲ್ಲ. ಬೆಂಕಿ ಎಂದಾಗ ಅದು ಅವನ ನೆನಪಿಗೇ ಬಂದಿರಲಿಲ್ಲ. ಹೊತ್ತಿಸಿ ತೊಟ್ಟಿಯೊಳಗೆ ಇಳಿಬಿಡಲೆಂದು ಬಟ್ಟೆಯ ಅಂಚಿನ ತುಂಡೊಂದನ್ನು ಟೇಪಿನ ತುದಿಗೆ ಗಂಟು ಹಾಕಿದ. ಬಾಗಿಲ ಬಳಿ ನಿಂತು ಲೈಟರ್ ಗೀರಿದ. ಅಲ್ಲಿ ಗೋಡೆಯಲ್ಲಿ ಓಡುತ್ತಿದ್ದ ದೊಡ್ಡ ಫ್ಯಾನಿನ ಗಾಳಿಗೆ ಬರೀ ಕಿಡಿ ಹಾರಿತು, ಹತ್ತಲಿಲ್ಲ. ಗಾಳಿ ತಾಗದಿರಲೆಂದು ಅವನು ತೊಟ್ಟಿಯ ಹತ್ತಿರ ಬಂದು, ಮಾಮನ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕುಳಿತ. ಒಂದು ಕೈ ಮರೆ ಮಾಡಿ ಹೆಬ್ಬೆರಳನ್ನು ಲೈಟರಿನ ಗಾಲಿಯ ಮೇಲಿಟ್ಟ.

ನನ್ನ ಮೂಗಿನಲ್ಲಿ ಉರಿಯುತ್ತಿದ್ದ ಘಾಟು ಹೊತ್ತಿಕೊಳ್ಳುವ ವಿಸ್ಕಿಯ ಆವಿ ಎಂದು ಆಗ ಹೊಳೆಯಿತು. ‘ಒಂದು ಕಿಡಿ ಸಾಕು’ ಎಂದು ಫೋನಿನಲ್ಲಿ ಕೇಳಿದ್ದೂ ಆಗಲೇ ನೆನಪಾಯಿತು. ಕೂಗಲು ಬಾಯಿ ತೆರೆದೆ, ಅಷ್ಟರಲ್ಲಿ ಹಿಂದಿನಿಂದ ದನಿಯೊಂದು ಬಂತು.

“ತಿಪ್ಪಣ್ಣ.”

ಬಾಗಿಲಲ್ಲಿ ನಾಗರಾಜ್ ನಿಂತಿದ್ದರು. ಊಟಕ್ಕೆ ಕರೆಯುವಷ್ಟು ಮೆಲ್ಲಗೆ ಕರೆದಿದ್ದರು. “ತಿಪ್ಪಣ್ಣ, ಬೆಳ್ಳು ಆಡಿಸ್ಬ್ಯಾಡ. ಅದನ್ನ ಹಂಗೇ ಹಿಡ್ಕಂಡು ನನ್ ತಾವ ಬಾ.”

“ಯಾಕ್ರಿ? ಗಾಳಿ ನೋಡಾಕತ್ತೀನ್ರಿ.”

“ಗೊತ್ತಾತು ಕಣಣ್ಣ. ಬಾ.”

ತಿಪ್ಪಣ್ಣ ಎದ್ದು ಹೋದ. ನಾಗರಾಜ್ ಅವನ ಮುಷ್ಟಿಯನ್ನು ತಮ್ಮ ಎರಡೂ ಕೈಯಲ್ಲಿ ಮುಚ್ಚಿಕೊಂಡು ಹೊರಗೆ ಬಿಸಿಲಿಗೆ ಕರೆದೊಯ್ದರು. ನಾನು ಮಾಮನ ರಟ್ಟೆ ಹಿಡಿದು ಎಳೆದೆ. ಅವನಿಗೆ ಆಗಲೇ ತಲೆ ತೂಗುತ್ತಿತ್ತು, ಕಾಲು ನಿಲ್ಲುತ್ತಿರಲಿಲ್ಲ. ಹೇಗೆ ಹೊರಗೆ ತಂದೆನೋ ತಿಳಿಯದು.

ಬೇವಿನ ಮರದ ಬುಡದಲ್ಲಿ ನಾಗರಾಜ್ ನೆಲಕ್ಕೆ ಕುಳಿತುಬಿಟ್ಟರು. ಆಮೇಲೆ ತಿಪ್ಪಣ್ಣನಿಗೆ ಬಿಡಿಸಿ ಹೇಳಿದರು. ಹುಳಿಯಿಸುವ ತೊಟ್ಟಿಯಲ್ಲಿರುವುದು ದೀಪ ಆರಿಸುವ ಗಾಳಿ. ಈ ತೊಟ್ಟಿ ಖಾಲಿಯಾಗಿ ಕಂಡರೂ ಅದರ ತುಂಬ ವಿಸ್ಕಿಯ ಆವಿ. “ಅಲ್ಲಿ ದೀಪ ಆರ್ತೈತೆ ಕಣಣ್ಣ. ಇಲ್ಲಿ ಹತ್ತಿದ್ರೆ, ಆರಿಸಕ್ಕೆ ನಾವ್ಯಾರೂ ಇರ್ತಿರಲಿಲ್ಲ.” ನಿಮ್ಮನ್ನು ಬಿಟ್ಟು ಹೋದದ್ದು ನನ್ನ ತಪ್ಪು ಎಂದೂ ಹೇಳಿದರು. ತಿಪ್ಪಣ್ಣ ಮಾಮನ ಮುಖ ನೋಡಿದ, ತನ್ನ ಕೈ ನೋಡಿಕೊಂಡ. ಟೇಪನ್ನು ನನ್ನ ಕೈಗೆ ಕೊಟ್ಟು ವ್ಯಾನಿನ ಕಡೆ ನಡೆದ. ಕೆಲಸಗಾರರ ಅಳತೆಯನ್ನು ಮರದಡಿಯಲ್ಲಿ ನಾನೇ ತೆಗೆದೆ.

ಊರಿಗೆ ಬಂದ ಮೇಲೆ ನನಗೆ ನಿದ್ರೆಯೇ ಬರದಾಯಿತು. ಕಣ್ಣು ಮುಚ್ಚಿದರೆ ಆ ಹೆಬ್ಬೆರಳು ಕಾಣುತ್ತಿತ್ತು. ತಿಳಿದುಕೊಂಡರೆ ಭಯ ಹೋದೀತೆಂದು ಸಿಕ್ಕಿದ್ದನ್ನೆಲ್ಲ ಓದಿದೆ. ನಾಗರಾಜ್ ಅವರಿಗೆ ಪದೇ ಪದೇ ಫೋನ್ ಮಾಡಿದೆ. ಬಾಗಿಲ ಬಳಿ ಹಾರಿದ ಕಿಡಿಗೇ ಹತ್ತಬಹುದಿತ್ತೇ? ಫ್ಯಾನ್ ಓಡುತ್ತಿದ್ದುದರಿಂದ ಉಳಿದೆವೇ? ಎರಡನೆಯ ಕಿಡಿ ಎದ್ದಿದ್ದರೆ? ಅವರು ಬೇಸರಿಸದೆ ಹೇಳುತ್ತಿದ್ದರು. ಆದರೆ ಒಂದು ಉತ್ತರದ ಹಿಂದೆ ಇನ್ನೊಂದು ಪ್ರಶ್ನೆ ಏಳುತ್ತಿತ್ತು. ಮಾಮ ಓಣಿಯಲ್ಲಿ ಇದನ್ನೆಲ್ಲ ತಮಾಷೆಯ ಕಥೆ ಮಾಡಿ ಹೇಳಿದ. ತಿಪ್ಪಣ್ಣ ಮಾತ್ರ ಆ ಯೂನಿಫಾರ್ಮುಗಳನ್ನು ಬೇರೆಯವರಿಗೆ ಮುಟ್ಟಲೂ ಬಿಡದೆ ಒಬ್ಬನೇ ಕತ್ತರಿಸಿದ. ದಾರದ ತುದಿಗಳನ್ನೂ ಕತ್ತರಿಯಲ್ಲೇ ತೆಗೆದ. ಮಾಮ ಕುಳಿತ ಕಡೆಗೆ ಅವನು ಬರುತ್ತಿರಲಿಲ್ಲ.

ಯುಗಾದಿಗೆ ಮುಂಚೆ ನಾಗರಾಜ್ ತಾವೇ ಮಾಲು ಒಯ್ಯಲು ಬಂದರು. ನಮ್ಮಲ್ಲೇ ಊಟ ಮಾಡಿದರು. ಬರ್ಬನ್‌ಗಳಲ್ಲಿ ಮೆತ್ತನೆಯದು ಮೇಲೋ ಖಾರದ್ದು ಮೇಲೋ ಎಂದು ಮಾಮನಿಗೂ ಅವರಿಗೂ ಜೋರು ವಾದ ನಡೆದಿತ್ತು. ಗಂಟುಗಳನ್ನು ಕೆಳಗಿಳಿಸಿ ಬಂದ ತಿಪ್ಪಣ್ಣ ಬಾಗಿಲಲ್ಲಿ ನಿಂತ.

“ಸಾರ್, ಒಂದು ಮಾತು ಖರೇ ಹೇಳ್ರಿ. ಅವತ್ತು ನಾನು ಅಣ್ಣಾರನ್ನ ಸುಟ್ಟುಬಿಡ್ತಿದ್ನ್ಯಾ?”

ನಾಗರಾಜ್ ತಟ್ಟೆಯಿಂದ ಕೈ ತೆಗೆದರು. “ಗೊತ್ತಿಲ್ಲ ಕಣಣ್ಣ. ಹತ್ತಬೋದಿತ್ತು, ಹತ್ತದೇನೂ ಇರಬೋದಿತ್ತು. ಯಾರಿಗೂ ಗೊತ್ತಿಲ್ಲ. ಗೊತ್ತಾಗದೇ ಉಳೀತಲ್ಲ, ಅಷ್ಟು ಸಾಕು.”

ಮಾಮ ನಗಲಿಲ್ಲ. “ನಾ ಸಾಯಬಾರ್ದು ಅಂತ ಅದನ್ನ ತಗದಿ. ಅದು ನನಗ ಗೊತ್ತೈತಿ, ತಿಪ್ಪಾ” ಎಂದ. “ಬಾ, ಕುಂದ್ರು. ಉಣ್ಣು.”

ತಿಪ್ಪಣ್ಣ ಬಂದು ಮಾಮನ ಪಕ್ಕದಲ್ಲೇ ಕುಳಿತ. ನಾನು ಅವನ ತಟ್ಟೆಗೆ ಅನ್ನ ಬಡಿಸಿದೆ. ಇಷ್ಟು ದಿನ ನಾನು ಬೆನ್ನು ಹತ್ತಿದ್ದ ಪ್ರಶ್ನೆಗೆ ಉತ್ತರವೇ ಇಲ್ಲವೆಂದು ಬಲ್ಲವರೇ ಹೇಳಿದ್ದರು. ಕಿಡಿ ಹತ್ತುತ್ತಿತ್ತೋ ಇಲ್ಲವೋ ನನಗೆ ಇಂದಿಗೂ ಗೊತ್ತಿಲ್ಲ. ಲೈಟರಿನ ಸದ್ದಿಗೆ ಎದೆ ಇನ್ನೂ ಬೆಚ್ಚುತ್ತದೆ. ಆದರೆ ಅಂದು ರಾತ್ರಿ ಮಲಗಿದವಳಿಗೆ ನಡುವೆ ಒಮ್ಮೆಯೂ ಎಚ್ಚರವಾಗಲಿಲ್ಲ. ಕಣ್ಣು ಬಿಟ್ಟಾಗ ಕಿಟಕಿಯಲ್ಲಿ ಬಿಸಿಲು ಬಂದಿತ್ತು, ಮಹಡಿಯಲ್ಲಿ ಮಷೀನುಗಳು ಓಡುತ್ತಿದ್ದವು.