ಲ್ಯಾಟಿನ್ನಿನ ಚಂದ್ರ, ನಮ್ಮ ಚಂದ್ರಮ್ಮ

ನನಗೆ ಸಿಟ್ಟು ಬಂದರೆ ಪಾಠ ಶುರುವಾಗುತ್ತದೆ. ಗುಬ್ಬಿಯ ಕಾಲೇಜಿನಲ್ಲಿ ಚರಿತ್ರೆ ಹೇಳಿ ಹೇಳಿ ಅಂಟಿಕೊಂಡ ರೋಗ. ಮನೆಯವರು ಲಕ್ಷಣ ಕಂಡ ಕೂಡಲೇ ತಟ್ಟೆ ಎತ್ತಿಕೊಂಡು ಅಡುಗೆಮನೆಗೆ ನಡೆಯುತ್ತಾರೆ.

ಕಳೆದ ತಿಂಗಳು ಉಪ್ಪಾರಹಳ್ಳಿಯಿಂದ ತಮ್ಮ ಮಂಜು ಫೋನ್ ಮಾಡಿ, ಮಗಳಿಗೆ ‘ಲೂನಾ’ ಅಂತ ಹೆಸರಿಡುತ್ತೇವೆ, ಸೋದರತ್ತೆ ನೀನೇ ತೊಟ್ಟಿಲಿಗೆ ಬಗ್ಗಿ ಕಿವಿಯಲ್ಲಿ ಮೂರು ಸಲ ಹೇಳಬೇಕು ಅಂದ. ನಾನು ಬೆಂಕಿಯಾದೆ. ನಮ್ಮಮ್ಮ ಚಂದ್ರಮ್ಮ ತೀರಿಕೊಂಡು ವರ್ಷ ತುಂಬಿರಲಿಲ್ಲ. ಮೊದಲ ಮೊಮ್ಮಗಳಿಗೆ ಅಜ್ಜಿಯ ಹೆಸರು ಅನ್ನುವುದು ನಮ್ಮ ಮನೆಯಲ್ಲಿ ಚರ್ಚೆಯ ವಿಷಯವೇ ಅಲ್ಲ. “ಲೂನಾ ಅಂದ್ರೂ ಚಂದ್ರನೇ ಕಣಕ್ಕ, ಲ್ಯಾಟಿನ್ನು,” ಅಂದ ಮಂಜು, ಎಲ್ಲ ಬಗೆಹರಿಯಿತು ಅನ್ನುವ ದನಿಯಲ್ಲಿ. ಆ ಹೆಸರಿನ ಮೊಪೆಡ್ಡಿನ ಮೇಲೆ ಕೊಬ್ಬರಿ ಮೂಟೆ ಹೇರಿದವರು ಗುಬ್ಬಿಯಲ್ಲಿ ಇನ್ನೂ ಗಟ್ಟಿಮುಟ್ಟಾಗಿದ್ದಾರೆ, ಅವರನ್ನಾದರೂ ಒಂದು ಮಾತು ಕೇಳಬೇಕಿತ್ತು.

ಲ್ಯಾಟಿನ್ನಂತೆ! ಭಾಷೆಗಳ ಆ ತಾಯಿ ಕಣ್ಣುಮುಚ್ಚಿ ಎಷ್ಟೋ ಶತಮಾನವಾಯಿತು. ಹೆಣ್ಣುಮಕ್ಕಳು ಪಾಲಾಗಿ ಬೇರೆ ಬೇರೆ ಒಲೆ ಹೂಡಿದರು. ಆದರೂ ಇಟಲಿಯವಳೂ ಸ್ಪೇನಿನವಳೂ ಇವತ್ತಿಗೂ ಚಂದ್ರನನ್ನು ಲೂನಾ ಅಂತಲೇ ಕರೆಯುತ್ತಾರೆ. ಫ್ರೆಂಚಿನವಳು ಬಾಲ ಮೊಟಕು ಮಾಡಿ ಲ್ಯೂನ್ ಅಂದಳು, ಪೋರ್ಚುಗೀಸಿನವಳು ನಡುವಿನದನ್ನು ನುಂಗಿ ಲೂಅ ಅಂದಳು. ದೂರದ ಮೂಲೆಗೆ ಬಿದ್ದ ರೊಮೇನಿಯಾದವಳು, ಸುತ್ತ ಬೇರೆ ಮಾತಿನವರೇ ಇದ್ದರೂ, ತಾಯಿಯ ಚಂದ್ರನನ್ನು ಬಿಡಲಿಲ್ಲ. ಒಬ್ಬಳೂ ಪಕ್ಕದ ಮನೆಗೆ ಹೋಗಿ ಹೆಸರು ಕಡ ಕೇಳಲಿಲ್ಲ. ನಾವು ಮಾತ್ರ ನಮ್ಮ ತಾಯಿಯ ಹೆಸರನ್ನು ಅಟ್ಟಕ್ಕೆ ಹಾಕಿ ಅವರ ತಾಯಿಯದನ್ನು ಹೊತ್ತು ತಂದಿದ್ದೇವೆ.

ನಾಮಕರಣದ ದಿನ ಇದನ್ನೆಲ್ಲ ತಮ್ಮನ ಹೆಂಡತಿ ದೀಪಾಳ ಮೇಲೆ ಸುರಿದೆ. ಕುಣಿಗಲ್ಲಿನ ಹುಡುಗಿ, ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಮೆಲ್ಲಗೆ ಅಂದಳು: “ಹೆಸ್ರು ಹುಡುಕಿದ್ದು ನಾನೇ ಅತ್ತಿಗೆ, ಅವ್ರಲ್ಲ. ನಾಳೆ ಇವ್ಳು ಹಟ ಮಾಡಿದ್ರೆ ಬೈಬೇಕಲ್ವಾ? ಅತ್ತೆ ಹೆಸ್ರು ಹಿಡ್ದು ‘ಏನ್ಲೇ’ ಅನ್ನಕ್ಕೆ ನಂಗೆ ಬಾಯಿ ಬರಲ್ಲ.”

ಸಿಟ್ಟು ಇಳಿಯಲಿಲ್ಲ, ಬೇರೆ ಕಡೆ ತಿರುಗಿತು. ಇಂಥ ಮರ್ಯಾದೆಯನ್ನು ಎಲ್ಲಾದರೂ ಕಂಡಿದ್ದೀರಾ? ಗೌರವ ಹೆಚ್ಚಾಗಿ ಹೆಸರನ್ನೇ ಹೂಳುವುದು! ಲ್ಯಾಟಿನ್ನಿನ ಹೆಣ್ಣುಮಕ್ಕಳು ಹೀಗೆ ಮಡಿ ಮಾಡಿದ್ದರೆ ಇವತ್ತು ರೋಮಿನ ಚಂದ್ರನಿಗೆ ಹೆಸರೇ ಇರುತ್ತಿರಲಿಲ್ಲ. ಬೈದು, ಮುರಿದು, ಎಂಜಲು ಮಾಡಿ ಉಳಿಸಿಕೊಂಡವರು ಅವರು. ನಿನ್ನ ಬಾಯಿಗೆ ಬರದಿದ್ದರೆ ಬೇಡ, ನಾನು ಹೇಳುತ್ತೇನೆ ನೋಡು ಅಂತ ತೊಟ್ಟಿಲಿಗೆ ಬಗ್ಗಿದೆ.

ಪುಟ್ಟ ಕಿವಿ, ಹಾಲಿನ ವಾಸನೆ. ಬಾಯಿ ತೆರೆದೆ. ಹುಟ್ಟಿದಂದಿನಿಂದ ನಾನೂ ಹೆತ್ತವಳನ್ನು ಚಂದ್ರಮ್ಮ ಅಂತ ಒಮ್ಮೆಯೂ ಕರೆದವಳಲ್ಲ ಅನ್ನುವುದು ಆಗ ಹೊಳೆಯಿತು. ನಾಲಿಗೆ ಏಳಲೇ ಇಲ್ಲ. “ಅಮ್ಮ” ಅಂದೆ. ಮೂರು ಸಲವೂ ಅದೇ ಬಂತು.

ಆಯಿತಾ ಅಂತ ದೀಪಾ ಕೇಳಿದಳು. ಆಯಿತು ಅಂದೆ. ಅಷ್ಟರಲ್ಲಿ ಮಗು ಕಿಟಾರನೆ ಕಿರುಚಿತು. ಅವಳು ಬಾಚಿ ಎತ್ತಿಕೊಂಡು ಎದೆಗೊತ್ತಿಕೊಂಡಳು.

“ಯಾಕಮ್ಮ? ಯಾಕೆ ತಾಯಿ?”

ಲೂನಾ ಅನ್ನುವುದು ಅವಳಿಗೂ ನೆನಪಾಗಲಿಲ್ಲ.