ಬೀಗಿತ್ತಿಯ ತುರುಬಿನ ಕನಕಾಂಬರ

ಮೊಮ್ಮಗಳ ಮದುವೆ ಗೊತ್ತಾಗಿದೆ ಕಣ್ರೀ! ಎಷ್ಟು ಜನಕ್ಕೆ ಹೇಳಿದರೂ ನನಗೆ ಸಾಲದು, ನಿಮಗೂ ಹೇಳಿಬಿಡುತ್ತೇನೆ. ಇವತ್ತು ಬೆಳಿಗ್ಗೆ ಅವಳು ಹಳದಿ, ಹೊಂಬಣ್ಣದ ರೇಷ್ಮೆ ಸೀರೆಗಳನ್ನು ತಂದು ಮಂಚದ ಮೇಲೆ ಹರಡಿ, "ಅಜ್ಜಿ, ಧಾರೆಗೆ ಯಾವುದು ಚೆನ್ನಾಗಿರುತ್ತೆ?" ಅಂದಳು. ಮಡಿಕೆ ಬಿಚ್ಚಿದಾಗ ಹೊಸ ರೇಷ್ಮೆಯ ವಾಸನೆ ಬಂತು ನೋಡಿ, ನಾನು ಮಂಚದ ಮೇಲೆ ಕೂತಿದ್ದ ಹಾಗೇ ನನ್ನ ಮದುವೆಗೆ ಹೊರಟುಹೋದೆ.

ಆಗ ಐವತ್ತರ ದಶಕ ಮುಗಿಯುತ್ತಾ ಬಂದಿತ್ತು. ಯಲಹಂಕದಾಚೆ ಕೋಗಿಲಿನ ಕಡೆ ನಮ್ಮಪ್ಪನ ಹೊಲ. ಊರೆಲ್ಲ ರಾಗಿ ಹಾಕುತ್ತಿದ್ದಾಗ ಅಪ್ಪ ಅರ್ಧ ಹೊಲಕ್ಕೆ ಕನಕಾಂಬರ ಹಾಕಿದ್ದರು. "ಇನ್ಮೇಲೆ ಊವ ಬೇಯಿಸ್ಕೊಂಡು ಉಣ್ತಾನಂತೆ" ಎಂದು ಪಕ್ಕದ ಹೊಲದವರು ನಗುತ್ತಿದ್ದರು. ಅಪ್ಪ ತಮ್ಮ ಪಾಡಿಗೆ ಹೂ ಕೀಳುತ್ತಿದ್ದರು. ನನ್ನ ಮದುವೆ ನಿಶ್ಚಯವಾದಾಗ ಮಾತ್ರ ಅವ್ವನ ಹತ್ತಿರ, "ಮಗಳ ಜಡೆ ಮೇಲೆ ನಮ್ಮ ಊವನೇ ಇರಬೇಕು. ಚಪ್ಪರದಾಗೆ ಕುಂತೋರಿಗೆಲ್ಲ ಕಾಣಬೇಕು" ಅಂದದ್ದು ನನ್ನ ಕಿವಿಗೆ ಬಿತ್ತು. ಅಷ್ಟು ಸಾಕಾಯಿತು ನನಗೆ.

ಆದರೆ ಧಾರೆ ಸೀರೆ ಕೊಡುವವರು ಗಂಡಿನ ಕಡೆಯವರು. ಅಟ್ಟೂರಿನ ನನ್ನ ಅತ್ತೆಯಾಗುವವರು ತಮ್ಮ ಮನೆಯ ಸೊಸೆಯರಿಗೆಲ್ಲ ಕೇಸರಿ ಸೀರೆಯನ್ನೇ ಉಡಿಸಿದ್ದಾರೆಂದು ಸುದ್ದಿ ಬಂತು. ಕೇಸರಿ ಸೀರೆಯ ಬೆನ್ನ ಮೇಲೆ ಕನಕಾಂಬರದ ಜಡೆ! ಹೂವನ್ನು ಹುಡುಕಲು ದೀಪ ಹಿಡಿಯಬೇಕು. ನಾನು ಮೂರನೇ ಕ್ಲಾಸಿಗೇ ಸ್ಲೇಟು ಕೆಳಗಿಟ್ಟವಳು, ನಿಜ. ಬಣ್ಣ ನೋಡಲು ಸ್ಲೇಟು ಯಾಕೆ? ಹೇಳೋಣವೆಂದರೆ, ಮದುವೆ ಹೆಣ್ಣು ಸೀರೆಯ ಮಾತೆತ್ತಿದರೆ ಬಾಯಿಬಡುಕಿ ಎಂಬ ಹೆಸರು ಬರುತ್ತಿದ್ದ ಕಾಲ ಅದು. ಸಂಬಂಧವೇ ಮುರಿದರೂ ಮುರಿಯಿತು.

ಜವಳಿ ತೆಗೆಯುವ ದಿನ ಎರಡೂ ಕಡೆಯ ಹಿರಿಯರು ಚಿಕ್ಕಪೇಟೆಗೆ ಹೊರಟರು. ಅವರ ಕಡೆಯಿಂದ ಹೋದದ್ದು ಅತ್ತೆ, ನಮ್ಮ ಕಡೆಯಿಂದ ನನ್ನ ಸೋದರಮಾವ. ನಾನು ಹಿತ್ತಲಿನಿಂದ ಓಡಿ, ಬಾಳೆಲೆಯಲ್ಲಿ ಸುತ್ತಿದ ಒಂದು ಮಾರು ಕನಕಾಂಬರವನ್ನು ಅವನ ಕೈಗಿಟ್ಟೆ.

"ಮಾವ, ಸೀರೆ ಮೇಲೆ ಇದನ್ನ ಇಟ್ಟು ನೋಡು. ಊವ ಕಂಡ್ರೆ ಸರಿ. ಕಾಣದಿದ್ರೆ ಬ್ಯಾಡ ಅನ್ನು."

"ಬೀಗರ ಮುಂದೆ ಬ್ಯಾಡ ಅನ್ನಾದಾ? ನಿಮ್ಮಪ್ಪ ನನ್ನ ಊರು ಬಿಡಿಸ್ತಾನೆ ಕಣೇ!" ಅನ್ನುತ್ತಲೇ ಪೊಟ್ಟಣ ಜೇಬಿಗಿಳಿಸಿದ.

ಅಂಗಡಿಯಲ್ಲಿ ನಡೆದದ್ದನ್ನು ಮಾವ ಒಂದು ಥರ ಹೇಳುತ್ತಿದ್ದ, ಅತ್ತೆ ಇನ್ನೊಂದು ಥರ. ನಾನು ಎರಡನ್ನೂ ಕಲಸಿ ಹೇಳುತ್ತೇನೆ. ಕೇಸರಿ ಸೀರೆ ಅಂಗಡಿಯ ಹಾಸಿನ ಮೇಲೆ ಬಿತ್ತು. ಮಾವ ಮೆಲ್ಲಗೆ ಬಾಳೆಲೆ ಬಿಚ್ಚಿದ. ಅತ್ತೆ ನೋಡಿದವರೇ, "ಅಯ್ಯೋ, ನನಗೆ ಊವ ತಂದ್ರಾ ಅಣ್ಣಯ್ಯಾ!" ಎಂದು ಎತ್ತಿಕೊಂಡು ತುರುಬಿಗೆ ಮುಡಿದುಬಿಟ್ಟರು. ಹೆಣ್ಣಿನ ಮನೆಯಿಂದ ಬಂದ ಹೂ ಮುತ್ತೈದೆಯ ಮುಂದೆ ಬಿಚ್ಚಿದರೆ ಅದು ಅವಳಿಗೇ ಸೇರಿದ್ದು. ವಾಪಸ್ ಕೇಳುವುದು ಉಂಟೇ?

ಆದರೂ ಮಾವ ಕೊಟ್ಟ ಮಾತು ಬಿಡುವವನಲ್ಲ.

"ಅಕ್ಕಯ್ಯಾ, ಒಸಿ ಆ ಕಡೆ ತಿರುಗಿ."

"ಯಾಕೆ?"

"ಆ ಮೂಲೆ ಸೀರೆ ಚೆನ್ನಾಗೈತೆ, ನೋಡಿ."

ಅವರು ಆ ಕಡೆ ತಿರುಗಿದಾಗ ಮಾವ ಕೇಸರಿ ಸೆರಗನ್ನು ಎರಡೂ ಕೈಯಲ್ಲಿ ಹಿಡಿದು, ಕೋಳಿ ಹಿಡಿಯುವವನ ಹಾಗೆ ಬಗ್ಗಿ ಅವರ ತುರುಬಿನ ಪಕ್ಕಕ್ಕೆ ತಂದ. ಅತ್ತೆ ಥಟ್ಟನೆ ಈ ಕಡೆ ತಿರುಗಿಬಿಟ್ಟರು.

"ಏನಣ್ಣಯ್ಯಾ ಇದು! ಬೀಗರೂಟಕ್ಕೆ ಮುಂಚೇನೇ ತಲೆ ಕೆಟ್ಟೋಯ್ತಾ?"

ಮಾವ ಬೆವರುತ್ತಾ ಎಲ್ಲವನ್ನೂ ಒಪ್ಪಿಸಿದ. ಅತ್ತೆ ತುರುಬಿನ ಹೂವನ್ನೊಮ್ಮೆ ಮುಟ್ಟಿ ನೋಡಿಕೊಂಡರು. ಆ ಹೊತ್ತಿನಲ್ಲಿ ನನ್ನ ಮದುವೆ ಚಿಕ್ಕಪೇಟೆಯ ಅಂಗಡಿಯಲ್ಲಿ ನೇತಾಡುತ್ತಿತ್ತು; ಇತ್ತ ನಾನು ಏನೂ ಗೊತ್ತಿಲ್ಲದೆ ರಾಗಿ ಬೀಸುತ್ತಿದ್ದೆ.

"ಈಗ್ಲೇ ಇಷ್ಟು ಬಾಯಾ ಅವಳಿಗೆ?" ಅಂದರಂತೆ. ಆಮೇಲೆ ಅಂಗಡಿಯವನಿಗೆ, "ಎಲ್ಲಪ್ಪಾ, ಎರಡು ಕನ್ನಡಿ ಕೊಡು." ಒಂದು ಹಿಂದೆ, ಒಂದು ಮುಂದೆ. ಕೇಸರಿ ಸೆರಗನ್ನು ತಾವೇ ಹೊದ್ದು ತಮ್ಮ ತುರುಬು ನೋಡಿಕೊಂಡರು.

"ಅರೆ, ಊವ ಎಲ್ಲೋಯ್ತು?"

ಕೆಂಪಂಚಿನ ಹಸಿರು ಸೀರೆ ಹೊದ್ದು ನೋಡಿದರು. "ಗಿಡದ ಮ್ಯಾಲೇ ಬಿಟ್ಟಂಗೈತೆ! ಬಾಯಿರೋಳೇ ಆಗ್ಲಿ ಬಿಡಿ ಅಣ್ಣಯ್ಯಾ, ಕಣ್ಣೂ ಐತೆ. ಕಟ್ಟಪ್ಪಾ ಇದನ್ನೇ."

ಧಾರೆಯ ದಿನ ನಾನು ಜನಕ್ಕೆ ಮುಖ ತೋರಿಸಿದ್ದಕ್ಕಿಂತ ಬೆನ್ನು ತೋರಿಸಿದ್ದೇ ಹೆಚ್ಚು. ಅಪ್ಪ ಚಪ್ಪರದ ಕಂಬ ಹಿಡಿದು ನನ್ನ ಜಡೆಯನ್ನೇ ನೋಡುತ್ತಿದ್ದರು. ಪಕ್ಕದ ಹೊಲದವರು ಪಾಯಸ ಸುರಿಯುವುದನ್ನು ಬಿಟ್ಟು, "ಒಂದಿಷ್ಟು ಸಸಿ ಕೊಡೋ" ಅಂದರು.

ಮಂಚದ ಮೇಲೆ ಮೊಮ್ಮಗಳು ಇನ್ನೂ ಕಾಯುತ್ತಿದ್ದಳು. ಇದ್ಯಾವುದೂ ಬೇಡ, ಹಸಿರೇ ಉಡು ಎಂದು ಬಾಯಿ ತೆರೆದವಳು ಮುಚ್ಚಿಕೊಂಡೆ. ಅತ್ತೆ ಎರಡು ಕನ್ನಡಿ ಹಿಡಿದು ನೋಡಿದ್ದು ತಮಗೆ ಬೇಕಾದ್ದನ್ನಲ್ಲ, ನನಗೆ ಬೇಕಾದ್ದನ್ನು.

"ಸೀರೆ ಆಮೇಲೆ ನೋಡೋಣ. ನಿಂಗೆ ಯಾವ ಹೂ ಬೇಕು ಮಗಾ?"

ಅವಳು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. "ಅಮ್ಮ ಗುಲಾಬಿಗೆ ಹೇಳಿಬಿಟ್ಟಿದ್ದಾರೆ ಅಜ್ಜಿ, ಫೋಟೋಗೆ ಚೆನ್ನಾಗಿರುತ್ತೆ ಅಂತ. ನಂಗೆ ಸಂಪಿಗೆ ಇಷ್ಟ. ಯಾರೂ ಕೇಳ್ಲೇ ಇಲ್ಲ."

ನಾನು ಮಂಚದಿಂದ ಎದ್ದೆ. ಮಂಡಿ ನೋವು ನೆನಪಾದದ್ದು ಅಡುಗೆಮನೆಯ ಬಾಗಿಲಿಗೆ ಬಂದ ಮೇಲೆಯೇ.

"ಲೇ ಅಮ್ಮಣ್ಣಿ," ಎಂದೆ ಸೊಸೆಗೆ, "ಒಲೆ ಆರಿಸಿ ಬಾ ಇಲ್ಲಿ. ನಿನ್ನ ಮಗಳು ಸಂಪಿಗೆ ಮುಡೀತಾಳಂತೆ. ಮಂಚದ ಮೇಲಿರೋದೆಲ್ಲ ಹಳದಿ, ಸಂಪಿಗೆ ಕಾಣೋ ಅಂಥ ಸೀರೆ ಒಂದೂ ಇಲ್ಲ. ನಡೀರಿ, ಮೂರು ಜನವೂ ಅಂಗಡಿಗೆ ಹೋಗೋಣ."